ಪಟ್ಟಿ ಕೀಳದ ಬ್ಯಾಟರಿ

ಪದಕದ ಜೊತೆ ಬಂದ ಪ್ರಶಸ್ತಿಪತ್ರದಲ್ಲಿ ಬರೀ ದೊಡ್ಡ ದೊಡ್ಡ ಪದಗಳಿವೆ, ಫ್ರೇಮ್ ಹಾಕಿಸುವ ಮುಂಚೆ ಒಮ್ಮೆ ಓದಿ ಹೇಳು ಅಂತ ಕುಳ್ಳನ ಅಕ್ಕ ನನ್ನನ್ನು ಕರೆಸಿದ್ದರು. ಕುಳ್ಳ ನಮ್ಮ ತುಕಡಿಯವನು, ಯುದ್ಧದಲ್ಲಿ ಸತ್ತು ಎಂಟು ತಿಂಗಳಾಗಿತ್ತು. ಪತ್ರಕ್ಕೆ ಆಧಾರ ನಾನು ಬರೆದುಕೊಟ್ಟ ಹೇಳಿಕೆ. ಸಂಜೆ ಶಾಲೆಯಲ್ಲಿ ಓದಿದವನೆಂದು ಸಾಹೇಬರು ನನ್ನ ಕೈಯಲ್ಲೇ ಬರೆಸಿದ್ದರು.

ಅಕ್ಕ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ ಜಾಗ ಮಾಡಿದರು. ಪದಕ ಗುಂಡಿಗಳ ಡಬ್ಬಿಯಲ್ಲಿತ್ತು. ‘ರೇಡಿಯೊ ಕೆಟ್ಟುಹೋದ ಕಾರಣ’ ಅನ್ನುವ ತನಕ ಓದಿದೆ. ಪತ್ರ ಕೆಳಗಿಟ್ಟೆ.

“ಯಾಕಪ್ಪ ನಿಲ್ಲಿಸಿದೆ? ನೀನೇ ಬರೆದದ್ದಂತಲ್ಲ?”

ರೇಡಿಯೊ ಕೆಟ್ಟಿರಲಿಲ್ಲ. ಹೊಸ ಬ್ಯಾಟರಿಗೆ ಬಟ್ಟೆಯ ಪಟ್ಟಿ ಅಂಟಿಸಿರುತ್ತೇವೆ. ಬಳಸುವಾಗ ಅದನ್ನು ಕಿತ್ತುಬಿಡಬೇಕು. ಹೊಸದು ಯಾವುದು, ಹಳೆಯದು ಯಾವುದು ಎಂದು ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ಗುಡ್ಡ ಹತ್ತುವ ಹಿಂದಿನ ದಿನ ಬಳಸಿದ ಬ್ಯಾಟರಿಯ ಪಟ್ಟಿ ಕೀಳುವುದನ್ನು ನಾನು ಮರೆತಿದ್ದೆ. ಖಾಲಿಯಾದದ್ದನ್ನೇ ಹೊಸದೆಂದುಕೊಂಡು ಗುಡ್ಡದ ಮೇಲಕ್ಕೆ ಹೊತ್ತೊಯ್ದೆ. ಹೊಸದು ಶಿಬಿರದಲ್ಲೇ ಉಳಿಯಿತು. ಮೇಲೆ ಶತ್ರುಗಳು ಸುತ್ತುವರಿದಾಗ ಸಹಾಯ ಕೇಳಲು ರೇಡಿಯೊ ನಡೆಯಲಿಲ್ಲ.

ಇಷ್ಟನ್ನೂ ಅಕ್ಕನಿಗೆ ಹೇಳಿಬಿಟ್ಟೆ. ಹೇಳಿದ್ದು ಅವರಿಗಾಗಿಯೋ, ನನ್ನ ಎದೆ ಹಗುರಾಗಲೆಂದೋ, ಇಂದಿಗೂ ನನಗೆ ಗೊತ್ತಿಲ್ಲ.

ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟರು.

“ಅವನಿಗೆ ಗೊತ್ತಾಯ್ತಾ?”

“ಗೊತ್ತಾಯ್ತು ಅಕ್ಕ. ಬ್ಯಾಟರಿ ಕೈಗೆ ತಗೊಂಡು ನೋಡಿದ.”

“ಬೈದನಾ?”

“ನಕ್ಕ. ‘ಏನ್ ಮೇಷ್ಟ್ರೇ, ನಿಮ್ಮ ಸಂಜೆ ಶಾಲೇಲಿ ಈ ಪಾಠ ಬಿಟ್ಟುಬಿಟ್ರಾ’ ಅಂದ. ಬೂಟಿನ ದಾರ ಬಿಗಿದುಕೊಂಡು ಓಡಿದ.”

ಗುಂಡೇಟು ತಿಂದೂ ಅವನು ಕೆಳಗಿನ ಠಾಣೆ ಮುಟ್ಟಿದ್ದ, ನಾವಿರುವ ಜಾಗ ತಿಳಿಸಿಯೇ ಪ್ರಾಣ ಬಿಟ್ಟಿದ್ದ. ಆಮೇಲೆ ಸಹಾಯ ಬಂತು. ಮೇಲಿದ್ದ ಒಂಬತ್ತು ಜನರೂ ಬದುಕಿದೆವು. ಪತ್ರದಲ್ಲಿ ಆ ಭಾಗವೆಲ್ಲ ನಿಜ.

ಅಕ್ಕ ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಮುಂದಿಟ್ಟರು.

“ಇದನ್ನೂ ಬರಿ. ನಿನ್ನ ತಪ್ಪು, ಅವನ ನಗು, ಎರಡೂ. ಅದೇ ಫ್ರೇಮಿಗೆ ಹಾಕಿಸ್ತೀನಿ.”

ಫ್ರೇಮಿನ ಹಿಂದೆಯಾ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಬರೆದೆ, ಕೆಳಗೆ ಸಹಿ ಹಾಕಿದೆ.

ಇದನ್ನು ಓದಲು ಅಕ್ಕನಿಗೆ ಯಾರ ನೆರವೂ ಬೇಕಾಗಲಿಲ್ಲ. ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದರು. ತಮ್ಮ ನಕ್ಕ ಸಾಲಿನಲ್ಲಿ ಬೆರಳು ನಿಂತಿತು. ನನಗೆ ಹೋಗು ಅನ್ನಲಿಲ್ಲ, ಕೂತ್ಕೋ ಅಂತಲೂ ಅನ್ನಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.