ಒಂಬತ್ತನೇ ತರಗತಿಯಲ್ಲೇ ಉಳಿದವಳು

ಲಂಗದ ಕೊಕ್ಕೆ ಈ ಸಲವೂ ಕೂರಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಹಿಂದೆ ಮಂಡಿಯೂರಿ ಕೂತಿದ್ದ, ಸೆಟ್ಟಿನ ಉಡುಪು ನೋಡಿಕೊಳ್ಳುವವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಇನ್ನು ಬಿಚ್ಚೋಕೆ ಹೊಲಿಗೇನೇ ಉಳಿದಿಲ್ಲ ಅಕ್ಕ. ಬಟ್ಟೇನ ಬೈಯಲಾ, ಮೈಯನ್ನ ಬೈಯಲಾ?" ಎಂದಳು. ಪಕ್ಕದಲ್ಲಿದ್ದ ತಾಯಿ ತಪ್ಪಿತಸ್ಥಳಂತೆ ಮುಂದೆ ಬಂದು, ಮಗಳ ರಾತ್ರಿ ಊಟ ನಿಲ್ಲಿಸಿ ತಿಂಗಳಾಯಿತು, ಬೆಳಗಿನ ತಿಂಡಿಯನ್ನೂ ಅರ್ಧ ಮಾಡಿದ್ದೇನೆ ಎಂದು ಹೇಳಿಕೊಂಡಳು.

ಅಕ್ಕ ಎಂದರೆ ಕಥೆಗಾರ್ತಿ. ಹುಡುಗಿ ನಟಿಸುತ್ತಿದ್ದ, ಶಾಲಾಮಕ್ಕಳ ಕಥೆಯ ಟಿವಿ ಧಾರಾವಾಹಿಯನ್ನು ಹುಟ್ಟುಹಾಕಿದವಳೂ ನಡೆಸುತ್ತಿದ್ದವಳೂ ಅವಳೇ. ಶುರುವಾದಾಗ ಹುಡುಗಿಗೆ ಹದಿಮೂರು. ಈಗ ಹದಿನಾರು, ತಾಯಿಗಿಂತ ಎತ್ತರ. ಕಥೆಯಲ್ಲಿ ಮಾತ್ರ ಅವಳಿನ್ನೂ ಒಂಬತ್ತನೇ ತರಗತಿ. ಆ ತರಗತಿಯನ್ನು ಜನ ಮೆಚ್ಚಿದ್ದರು. ಹಾಗಾಗಿ ವಾರ್ಷಿಕ ಪರೀಕ್ಷೆ ಬಂದಾಗಲೆಲ್ಲ ಒಮ್ಮೆ ಶಾಲೆಗೆ ಬೆಂಕಿ ಬೀಳುತ್ತಿತ್ತು, ಇನ್ನೊಮ್ಮೆ ಪ್ರಶ್ನೆಪತ್ರಿಕೆ ಕಳುವಾಗುತ್ತಿತ್ತು. ಸೆಟ್ಟಿನಲ್ಲಿ ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು.

ಆ ಬೆಳಿಗ್ಗೆಯೇ ಚಾನೆಲ್ಲಿನ ಅಧಿಕಾರಿ ಕಥೆಗಾರ್ತಿಗೆ ಫೋನ್ ಮಾಡಿದ್ದ. ಒರಟನೇನಲ್ಲ. ಹುಡುಗಿ ಎರಡು ವಾರದಲ್ಲಿ ಮೊದಲಿನಂತಾಗದಿದ್ದರೆ ಬೇರೆಯವಳನ್ನು ನೋಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದ. "ಜನಕ್ಕೆ ಬೇಕಿರೋದು ಆ ಪುಟ್ಟ ಮುದ್ದು ಹುಡುಗಿ. ಅವರು ನೋಡದಿದ್ರೆ ನಿಮ್ಮ ಸೆಟ್ಟಿನಲ್ಲಿ ಯಾರಿಗೂ ಕೆಲಸ ಇರಲ್ಲ. ಸ್ವಲ್ಪ ಬಾಯಿ ಕಟ್ಟಲಿ ಬಿಡಿ."

ಕಥೆಗಾರ್ತಿಗೆ ಮೈಯುರಿಯಿತು. ಹುಡುಗಿಯ ಜೊತೆ ನಟಿಸುವ ಹುಡುಗನಿಗೆ ಮೀಸೆ ಮೂಡಿದಾಗ ಗಂಡುಕಳೆ ಬಂತೆಂದು ಕೇಕ್ ಕಳಿಸಿದ್ದವನು ಇದೇ ಮನುಷ್ಯ. ಒಂದೇ ಬೆಂಚಿನ ಇಬ್ಬರಲ್ಲಿ ಅವನು ಬೆಳೆದರೆ ಸಂಭ್ರಮ, ಇವಳು ಬೆಳೆದರೆ ಅಪರಾಧ.

ಚಿತ್ರೀಕರಣ ಶುರುವಾಯಿತು. ಸಂಭಾಷಣೆಯ ನಡುವೆ ಹುಡುಗಿ ಬೆಂಚು ಹಿಡಿದುಕೊಂಡಳು, ತುಟಿ ಬಿಳಚಿತ್ತು. ಗಡುವಿನ ಸುದ್ದಿ ಆಗಲೇ ತಿಳಿದಿದ್ದ ತಾಯಿ ಓಡಿಬಂದು ಮುಖ ಒರೆಸಿ, ಇನ್ನು ಎರಡೇ ವಾರ ತಡೆದುಕೋ ಎಂದು ಕಿವಿಯಲ್ಲಿ ಹೇಳಿದಳು.

"ಮಗು ಹಸಿದಿರೋದು ನಿಮಗೆ ಕಾಣಲ್ವಾ?" ಎಂದಳು ಕಥೆಗಾರ್ತಿ.

ತಾಯಿ ತಿರುಗಿ ನಿಂತಳು. "ಕಾಣುತ್ತೆ. ಪಕ್ಕದಲ್ಲೇ ಮಲಗ್ತೀನಲ್ಲ, ಅವಳು ಹೊರಳಾಡೋದು ಗೊತ್ತಾಗುತ್ತೆ. ಅವಳಿಗೆ ಈ ಪಾತ್ರ ಅಂದ್ರೆ ಜೀವ. ಬೆಳೆದ್ರೆ ನೀವು ತೆಗೆದುಹಾಕ್ತೀರಿ ಅಂತಲ್ವಾ ಇಷ್ಟೆಲ್ಲ ಮಾಡ್ತಿರೋದು?"

ನೀವು ಎಂಬ ಆ ಮಾತು ಕಥೆಗಾರ್ತಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬೆಳಗಿನಿಂದ ಅಧಿಕಾರಿಯ ಮೇಲೆ ಹಲ್ಲು ಕಡಿಯುತ್ತಿದ್ದಳು, ತಾಯಿಯ ಮೇಲೂ ಸಿಡುಕಿದ್ದಳು. ಪರೀಕ್ಷೆಗಳನ್ನೆಲ್ಲ ತಪ್ಪಿಸಿ ಹುಡುಗಿಯನ್ನು ಆ ಬೆಂಚಿಗೆ ಕಟ್ಟಿಹಾಕಿದ್ದು ಯಾರು?

ಅವಳು ಕ್ಯಾಮೆರಾ ನಿಲ್ಲಿಸಿದಳು. ಸೆಟ್ಟಿನ ಚಿತ್ರಕಾರನನ್ನು ಕರೆಸಿ ತರಗತಿಯ ಬಾಗಿಲ ಮೇಲಿನ ಒಂಬತ್ತನ್ನು ಅಳಿಸಿ ಹತ್ತು ಎಂದು ಬರೆಯಲು ಹೇಳಿದಳು. ಆಮೇಲೆ ಎಲ್ಲರೆದುರೇ ಅಧಿಕಾರಿಗೆ ಫೋನ್ ಮಾಡಿದಳು.

"ಮಕ್ಕಳನ್ನ ಇವತ್ತು ಪಾಸು ಮಾಡಿದ್ದೀನಿ. ಇನ್ನು ಅವಳ ವಯಸ್ಸೇ ಕಥೆಯ ವಯಸ್ಸು. ಅವಳು ಬೇಡ ಅಂದ್ರೆ ಬರೆಯೋರನ್ನೂ ಬೇರೆ ಹುಡುಕಿಕೊಳ್ಳಿ."

ಅತ್ತ ಕಡೆಯವನು ಯೋಚಿಸಿ ಹೇಳುತ್ತೇನೆ ಎಂದು ಫೋನಿಟ್ಟ. ಹುಡುಗಿ ತಾಯಿಯತ್ತ ನೋಡಿದಳು.

"ಅಮ್ಮ, ಹತ್ತನೇ ಕ್ಲಾಸಿನವಳು ಊಟ ಮಾಡ್ಬಹುದಾ?"

ತಾಯಿ ಹೋಗಿ ತಟ್ಟೆ ತುಂಬಿಸಿಕೊಂಡು ಬಂದು ಮಗಳ ಮುಂದಿಟ್ಟಳು. ಪಕ್ಕದಲ್ಲೇ ಕೂತಳು, ಅದು ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ.