ಪುಟ್ಟ ಡಿಸ್ಕು, ದೊಡ್ಡ ಡಿಸ್ಕು

ಅಕ್ಕನ ಗಂಡ ಹಾಡುಗಾರನೇನಲ್ಲ. ಶ್ರುತಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಆದರೂ ಹಾಡುವ ಹುಚ್ಚು, ಹಾಡಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಡುವ ಹುಚ್ಚು. ಪ್ರತಿ ಹಾಡಿನ ಮೊದಲಲ್ಲೂ ಹೆಂಡತಿಗೊಂದು ಗದರಿಕೆ ಇರುತ್ತಿತ್ತು: “ಒಂದು ಗಳಿಗೆ ಕೂತ್ಕೊಂಡು ಕೇಳೇ!”

ಅವಳು ಕೂತವಳೇ ಅಲ್ಲ. ಅವನು ತೀರಿಕೊಂಡ ಮೇಲೂ ಕೂರಲಿಲ್ಲ. ಹಾಡು ಹಾಕಿ, ಲ್ಯಾಪ್‌ಟಾಪನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡು ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ಸುತ್ತುತ್ತಿದ್ದಳು. ಎಷ್ಟೋ ಸಲ ಅದು ಬಾಗಿಲಿಗೆ ತಗುಲಿತ್ತು. ಹಾಡು ಮಾತ್ರ ನಿಲ್ಲುತ್ತಿರಲಿಲ್ಲ.

ಕೊನೆಗೆ ಲ್ಯಾಪ್‌ಟಾಪಿನ ಪರದೆ ಕೈಕೊಟ್ಟಿತು. ಕಂಪ್ಯೂಟರ್ ರಿಪೇರಿ ಮಾಡುವ ತಮ್ಮ ಬಂದು ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ತಾನು ತಂದಿದ್ದ ದೊಡ್ಡದರ ಪಕ್ಕ ಇಟ್ಟ. ಒಂದು ಅಂಗೈಯಲ್ಲಿ ಅಡಗುವಷ್ಟು, ಇನ್ನೊಂದು ದಪ್ಪ ಪುಸ್ತಕದಷ್ಟು.

“ದೊಡ್ಡದು ಡೆಸ್ಕ್‌ಟಾಪಿಂದು ಕಣಕ್ಕ. ಜಾಗ ಜಾಸ್ತಿ, ಜೋರಾಗಿ ತಿರುಗುತ್ತೆ. ಚಿಕ್ಕದು ಓಡಾಡೋರಿಗೆ. ಕರೆಂಟ್ ಕಮ್ಮಿ ಸಾಕು, ಅಲುಗಾಡಿದ್ರೂ ತಡ್ಕೊಳುತ್ತೆ. ನೀನೆಲ್ಲಿಗೆ ಹೋಗ್ಬೇಕು? ಮನೇಲೇ ಇರ್ತೀಯಲ್ಲ.”

ಮನೆಯೊಳಗೇ ದಿನವಿಡೀ ಓಡಾಡುತ್ತೇನೆಂಬುದು ಅಕ್ಕನಿಗೆ ಹೊಳೆಯಲೇ ಇಲ್ಲ. ದೊಡ್ಡದನ್ನು ಎತ್ತಿ ನೋಡಿದಳು. ಭಾರವಾಗಿತ್ತು. ಭಾರವಿದ್ದದ್ದೆಲ್ಲ ಗಟ್ಟಿ ಅಂದುಕೊಳ್ಳುವುದು ನಮ್ಮೆಲ್ಲರ ಹಾಳು ಬುದ್ಧಿ.

“ಹಾಡೆಲ್ಲ ಇದಕ್ಕೇ ಹಾಕು. ಚಿಕ್ಕದು ಸುಮ್ನೆ ಯಾಕೆ? ಖಾಲಿ ಮಾಡಿ ಯಾರಿಗಾದ್ರೂ ಹಾಕ್ಕೊಡು,” ಅಂದಳು.

ತಮ್ಮ ಹಾಗೇ ಮಾಡಿದ. ಇನ್ನೊಂದು ಕಾಪಿ ಇರಲಿ ಅಂತ ಅವನಿಗಾದರೂ ಹೊಳೆಯಬೇಡವೇ? ಊರಿನವರಿಗೆಲ್ಲ ಅದೇ ಬುದ್ಧಿ ಹೇಳುವವನು!

ದೊಡ್ಡ ಡಿಸ್ಕು ಹಾಕಿಕೊಟ್ಟ ಡೆಸ್ಕ್‌ಟಾಪು ನಡುಮನೆಯ ಮೇಜಿನ ಮೇಲೆ ಕೂತಿತು. ಅಲ್ಲಿಂದ ಹಾಡು ಅಡುಗೆಮನೆಗೆ ಕೇಳದು. ಒಂದು ಬೆಳಿಗ್ಗೆ ಹಾಡು ನಡೆಯುತ್ತಿದ್ದಂತೆಯೇ ಅಕ್ಕ ಆ ಡಬ್ಬವನ್ನು ವೈರುಗಳ ಸಮೇತ ಎತ್ತಿ, ಹಳೇ ಅಭ್ಯಾಸದಂತೆ ಸೊಂಟಕ್ಕಿಟ್ಟು ಹೊರಟಳು. ಮಾನಿಟರಿನ ವೈರು ಜಗ್ಗಿತು. ಡಬ್ಬ ಜಾರಿ ಹೊಸ್ತಿಲಿಗೆ ಬಡಿಯಿತು. ಗಂಡನ ದನಿ ಅರ್ಧ ಸಾಲಿಗೇ ನಿಂತುಹೋಯಿತು. ಆಮೇಲೆ ಬರೀ ಟಕ್, ಟಕ್, ಟಕ್.

ತಮ್ಮ ಬಿದ್ದೂ ಎದ್ದೂ ಓಡಿಬಂದ. ಕಿವಿಗೊಟ್ಟು ಕೇಳಿ ಸ್ವಿಚ್ಚು ಆರಿಸಿದ.

“ತಿರುಗ್ತಾ ಇರುವಾಗ ಇದನ್ನ ಅಲುಗಾಡಿಸಬಾರ್ದು ಕಣಕ್ಕ. ನಾನು ಹೇಳ್ಬೇಕಿತ್ತು.”

“ಚಿಕ್ಕದು?”

“ಅದ್ರಲ್ಲಿ ಈಗ ಬೇರೆ ಯಾರ್ದೋ ಮದುವೆ ಫೋಟೋ ತುಂಬಿವೆ.”

ಅಕ್ಕನ ಪಾಲಿಗೆ ಗಂಡ ಎರಡನೇ ಸಲ ಸತ್ತ, ಈ ಸಲ ತನ್ನ ಕೈಯಿಂದಲೇ.

ಕೆಟ್ಟ ಡಿಸ್ಕಿನಿಂದ ಫೈಲು ತೆಗೆಯುವವರ ಬಳಿಗೂ ತಮ್ಮ ಹೋಗಿಬಂದ. ಒಳಗಿನ ತಟ್ಟೆಗಳ ತುಂಬ ಗೀರು ಬಿದ್ದಿವೆ ಎಂದು ಅವರೂ ಕೈಚೆಲ್ಲಿದರು. ಅವನು ಡಿಸ್ಕನ್ನು ವಾಪಸ್ಸು ತಂದಾಗ ಅಕ್ಕ ಒಲೆ ಆರಿಸಿ ಕೈ ಒರೆಸಿಕೊಂಡಳು.

“ಒಂದ್ಸಲ ಆನ್ ಮಾಡೋ.”

“ಏನೂ ಬರಲ್ಲಕ್ಕ.”

“ಗೊತ್ತು. ಮಾಡು.”

ಟಕ್, ಟಕ್, ಟಕ್. ಅಕ್ಕ ಕುರ್ಚಿ ಎಳೆದುಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಕೂತು ಕೇಳಿದಳು.