ಹೊಳೆವ್ವನ ಏಳು ಅವರೆಬೀಜ

ನನ್ನ ಹೆಂಡತಿ ಹೊಳೆವ್ವ ತೀರಿಕೊಂಡು ಐದು ತಿಂಗಳಾಯಿತು. ಅವಳು ಬೂದಿ ತುಂಬಿ ಮುಚ್ಚಿಟ್ಟಿದ್ದ ಕುಡಿಕೆಯಲ್ಲಿ ಸಿಕ್ಕದ್ದು ಏಳೇ ಅವರೆಬೀಜ. ತವರೂರು ರನ್ನ ಬೆಳಗಲಿಯಿಂದ ತಂದ ತಳಿ, ಈಗ ಅಲ್ಲಿಯೂ ಯಾರ ಹತ್ತಿರವೂ ಉಳಿದಿಲ್ಲ. ವರ್ಷದ ಪುಣ್ಯತಿಥಿಗೆ ಆ ಬಳ್ಳಿಯ ಕಾಯಿಯನ್ನೇ ಎಡೆಗೆ ಇಡುತ್ತೇನೆಂದು ಶಿವನಿಗೆ ಮಾತು ಕೊಟ್ಟಿದ್ದೆ.

ಮೃಗಶಿರಾ ಮುಗಿದು ಆರಿದ್ರಾ ಮಳೆ ಹಿಡಿಯಿತು. ಅವಳು ಮಾಡುತ್ತಿದ್ದಂತೆಯೇ ಒಂದೊಂದು ಬೀಜಕ್ಕೂ ‘ಓಂ ನಮಃ ಶಿವಾಯ’ ಎಂದು ಹೇಳಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ನಾಲ್ಕು ದಿನವಾದರೂ ಒಂದೂ ಉಬ್ಬಲಿಲ್ಲ. ಪೂಜೆಗೆ ಕುಳಿತರೂ ಕಣ್ಣು ಗಂಟಿನ ಕಡೆಗೇ ಹೋಗುತ್ತಿತ್ತು.

ಸೊಸೆ ದಾನೇಶ್ವರಿ ಬನಹಟ್ಟಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ರವಿವಾರ ಅವಳು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಮಾವಾರ, ಹಿಂಗ ತಾಸಿಗೊಮ್ಮೆ ಬಿಚ್ಚಿ ನೋಡಿದ್ರ ಅವಕ್ಕೂ ನಾಚಿಕಿ ಬರತೈತ್ರಿ. ಒಂದ ಒಡದು ನೋಡೂಣು.”

“ಏಳ ಅದಾವ ಯವ್ವಾ.”

“ಜೀವ ಐತೋ ಇಲ್ಲೋ ಗೊತ್ತಾಗಬೇಕಲ್ರಿ.”

ಅವಳ ಕೈಯಲ್ಲಿ ಅಡಕತ್ತರಿ ಕಟ್ ಎಂದಿತು. ನಾನು ಮುಖ ತಿರುಗಿಸಿದ್ದೆ.

“ನೋಡ್ರಿ.”

ಎರಡು ಬೇಳೆ. ಅವುಗಳ ನಡುವೆ, ಬೀಜದ ಅಂಚಿನ ಬಿಳಿ ಗೀಟಿನ ಹತ್ತಿರ, ಉಗುರಿನ ಚೂರಿನಷ್ಟು ಮೊಳಕೆ ಮಡಚಿಕೊಂಡು ಮಲಗಿತ್ತು. ನುಶಿ ಹುಳ ಮುಟ್ಟಿರಲಿಲ್ಲ.

“ಈ ಬ್ಯಾಳಿ ಅದರ ಬುತ್ತಿ. ಎಲಿ ಮೂಡೂತನಕ ಇದನ್ನ ಉಣ್ಣತೈತಿ. ಬುತ್ತಿ ಛಲೋ ಐತಿ, ಉಣ್ಣೂ ಕೂಸೂ ಐತಿ. ಸಿಪ್ಪಿ ಬಿರಸಾಗಿ ನೀರ ಒಳಗ ಬಿಟ್ಟಿಲ್ಲ. ಅತ್ತಿಯವರು ಏನ ಮಾಡತಿದ್ರು?”

“ಹಿತ್ತಲದಾಗ ಒರಳಕಲ್ಲ ಮುಂದ ಕುಂತು ನಾಮಾ ಹೇಳತಿದ್ಲು.”

“ಕೈ ಏನ ಮಾಡತಿತ್ತು?”

ನಾನು ನೆನಪು ಮಾಡಿಕೊಂಡೆ. ಅವಳ ಹೆಬ್ಬೆರಳು ಹಿಂದೆ ಮುಂದೆ ಆಡುತ್ತಿತ್ತು.

“ಬೀಜಾ ಕಲ್ಲಿಗೆ ತಿಕ್ಕತಿದ್ಲು. ಜಪದ ಎಣಿಕಿ ಇರಬೇಕಂತ ತಿಳದಿದ್ದೆ.”

ದಾನೇಶ್ವರಿ ನಕ್ಕಳು. “ಬೀಜಕ್ಕ ಕಿವಿ ಇಲ್ರಿ ಮಾವಾರ. ಸಿಪ್ಪಿ ತಿಕ್ಕಿ ನೀರಿಗೆ ದಾರಿ ಮಾಡಬೇಕು. ಬಿಳಿ ಗೀಟಿಗೆ ಮಾತ್ರ ತಾಗಸಬ್ಯಾಡ್ರಿ, ಮೊಳಕಿಗೆ ಪೆಟ್ಟಾಕ್ಕೈತಿ.” ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಜಪ ಮಾಡುವುದಿದ್ದರೆ ದೇವರ ಜಗಲಿಯ ಮುಂದೆ ಕೂಡು ಎಂದು ಒಮ್ಮೆ ಹೊಳೆವ್ವನಿಗೆ ಗದರಿದ್ದೆ. ಅವಳು ಅಲ್ಲೇ ಕುಳಿತು ತಿಕ್ಕುತ್ತಲೇ ಇದ್ದಳು.

ಒರಳಕಲ್ಲಿನ ಮುಂದೆ ಕುಳಿತೆ. ಎರಡನ್ನು ಅವಸರದಲ್ಲೇ ತಿಕ್ಕಿದೆ. ಮೂರನೆಯ ಬೀಜ ಜಾರಿ ಗೀಟಿಗೇ ಕಲ್ಲು ತಾಗಿತು.

“ಕೆಡಿಸಿದೆ ಯವ್ವಾ.”

“ನಾಮಾನೂ ಹೇಳ್ರಿ. ಅತ್ತಿಯವರು ಎರಡೂ ಮಾಡತಿದ್ರು. ಕೈ ಸಾವಕಾಶ ಆಕ್ಕೈತಿ.”

ಉಳಿದ ಮೂರನ್ನು ನಾಮ ಹೇಳುತ್ತ ತಿಕ್ಕಿ, ಆರನ್ನೂ ಮತ್ತೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ.

ಮರುದಿನ ಬೆಳಿಗ್ಗೆ ಆರೂ ಉಬ್ಬಿದ್ದವು. ಗುರುವಾರ ಐದು ಬೀಜಗಳು ಗೀಟಿನ ಪಕ್ಕದಿಂದ ಬಿಳಿ ಬೇರು ಬಿಟ್ಟವು. ಪೆಟ್ಟು ಬಿದ್ದದ್ದು ಉಬ್ಬಿ ಹಾಗೆಯೇ ಉಳಿಯಿತು. ಅದನ್ನೂ ಸಾಲಿನ ಕೊನೆಗೆ ಊರಿದೆ.

ಬಳ್ಳಿ ಹಬ್ಬಲಿಕ್ಕೆ ದಾನೇಶ್ವರಿ ಐದು ಕೋಲು ತಂದಳು. ಆರನೆಯದನ್ನು ನಾನೇ ಹುಡುಕಿ ತಂದು ಸಾಲಿನ ಕೊನೆಗೆ ನೆಟ್ಟೆ. ಅವಳು ಬಂದು ಅದರ ಬುಡಕ್ಕೂ ಮಣ್ಣು ಒತ್ತಿದಳು.